ಬಿಸಾಡುವ ಮುಂಚೆ ಒಂದು ಸಲ ನೋಡು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ದಾವಣಗೆರೆಯಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ದೊಡ್ಡಮ್ಮನ ಮಂಡಿನೋವು ಇದ್ದ ಹಾಗೇ ಇದೆ.

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಬೇಜಾರಾಯಿತು. ಲ್ಯಾಬಿನ ಗೆಳೆಯರ ಬೆರಳಿಗೆ ಹಾಕಿದರೆ ನೀನು ಮಾಡುತ್ತಿರುವ ಉಂಗುರ ರಕ್ತದ ಆಕ್ಸಿಜನ್ ಚೆಂದಾಗಿ ತೋರಿಸುತ್ತದೆ, ವಾರ್ಡಿಗೆ ಹೋದರೆ ಗೆರೆಯೆಲ್ಲ ಕಲಸುಮೇಲೋಗರ ಅಂದೆ. 40 ಜನರಲ್ಲಿ 17 ಜನರ ಡೇಟಾ ಬರೀ ನಾಯ್ಸ್, ಕೆಲಸಕ್ಕೆ ಬಾರದ ಗದ್ದಲ ಅಂದೆ. "ಅಷ್ಟನ್ನೂ ತೆಗೆದುಹಾಕಿ ಉಳಿದಿದ್ದರಲ್ಲಿ ಪೇಪರ್ ಬರೆದುಬಿಡ್ತೀನಿ ದೊಡ್ಡಪ್ಪ, ಎಲ್ಲರೂ ಹಂಗೇ ಮಾಡೋದು" ಅಂದೆ. ನಾನು ಹ್ಞೂಂ ಅಂದು ಫೋನ್ ಇಟ್ಟೆ. ಇಟ್ಟ ಮೇಲೆ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು ವಿಜ್ಞಾನಿ ಅಲ್ಲಮ್ಮ. ಡಿಪ್ಲೊಮಾ ಮುಗಿಸಿ ಆಸ್ಪತ್ರೆಯಲ್ಲಿ 31 ವರ್ಷ ಮೆಷಿನ್ ರಿಪೇರಿ ಮಾಡಿದವನು. ಆದರೆ ನೀನು ಕೆಲಸ ಮಾಡುತ್ತಿರುವ, ರಕ್ತದ ಆಕ್ಸಿಜನ್ ಅಳೆಯುವ ಈ ಪಲ್ಸ್ ಆಕ್ಸಿಮೀಟರ್ ಇದೆಯಲ್ಲ, ಅದನ್ನು ಎಷ್ಟು ಸಲ ಬಿಚ್ಚಿ ಮುಚ್ಚಿದ್ದೇನೋ ಲೆಕ್ಕ ಇಲ್ಲ. ಪ್ರೋಬಿನ, ಅಂದರೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನ, ವೈರು ಯಾವಾಗಲೂ ಒಂದೇ ಜಾಗದಲ್ಲಿ ತುಂಡಾಗುತ್ತದೆ, ಕನೆಕ್ಟರಿನ ಕುತ್ತಿಗೆಯ ಹತ್ತಿರ. ಸಿಸ್ಟರುಗಳು ಅದಕ್ಕೆ ಪ್ಲಾಸ್ಟರ್ ಸುತ್ತಿ ಸುತ್ತಿ ದಪ್ಪ ಮಾಡಿರುತ್ತಿದ್ದರು. ಅದನ್ನು ಬಿಡಿಸಿ, ಬೆಸುಗೆ ಹಾಕಿ, ನನ್ನದೇ ಬೆರಳಿಗೆ ಸಿಕ್ಕಿಸಿಕೊಂಡು 98 ಬಂದರೆ ಸಹಿ ಮಾಡಿ ಕಳಿಸುತ್ತಿದ್ದೆ.

ಈ ಮೆಷಿನ್ ಹುಟ್ಟಿದ್ದು ಹೇಗೆ ಅಂತ ನಿನ್ನ ಕ್ಲಾಸಿನಲ್ಲಿ ಹೇಳಿದ್ದಾರೋ ಇಲ್ಲವೋ. ಜಪಾನಿನ ನಿಹೋನ್ ಕೊಹ್ಡೆನ್ ಕಂಪನಿಯಲ್ಲಿ ತಕುವೊ ಆಓಯಾಗಿ ಅಂತ ಒಬ್ಬ ಎಂಜಿನಿಯರ್ ಇದ್ದ. ಅವನು ಹುಡುಕುತ್ತಿದ್ದದ್ದು ಆಕ್ಸಿಜನ್ನೇ ಅಲ್ಲ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಅಂತ ಅಳೆಯಬೇಕಿತ್ತು. ಅದಕ್ಕೆ ರಕ್ತನಾಳಕ್ಕೆ ಒಂದು ಬಣ್ಣ ಚುಚ್ಚುವುದು, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ ಆ ಬಣ್ಣ ಬಂದು ಹೋಗುವುದನ್ನು ಗೆರೆಯಲ್ಲಿ ನೋಡುವುದು. ಗೆರೆ ನುಣ್ಣಗೆ ಬರಬೇಕು. ಬರುತ್ತಿರಲಿಲ್ಲ. ನಾಡಿ ಬಡಿದ ಹಾಗೆಲ್ಲ ಗೆರೆ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತಿತ್ತು. ಅದು ಅವನ ನಾಯ್ಸ್.

ಅವನೂ ಮೊದಲು ನಿನ್ನ ಹಾಗೇ ಯೋಚಿಸಿದ, ಇದನ್ನು ಹೇಗಾದರೂ ತೆಗೆಯಬೇಕು ಅಂತ. ಎರಡು ಬಣ್ಣದ ಬೆಳಕು ಹಾಯಿಸಿ ಒಂದರಿಂದ ಇನ್ನೊಂದನ್ನು ಕಳೆದರೆ ಏರಿಳಿತ ಅಳಿಸಿಹೋಗಬೇಕು. ಅಳಿಸಿಯೂ ಹೋಯಿತು. ಆದರೆ ರಕ್ತದಲ್ಲಿ ಆಕ್ಸಿಜನ್ ಕಮ್ಮಿಯಾದ ತಕ್ಷಣ ಲೆಕ್ಕ ಕೆಟ್ಟು ಏರಿಳಿತ ಮತ್ತೆ ಎದ್ದು ಕೂತಿತು. ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಂಡು ಬಿಡುತ್ತಿದ್ದರು. ಇವನು ನಿಂತು ನೋಡಿದ. ಬಡಿತಕ್ಕೆ ಉಬ್ಬುವುದು ಅಪಧಮನಿ ಮಾತ್ರ. ಚರ್ಮ, ಮೂಳೆ, ಉಗುರು ಎಲ್ಲ ಸುಮ್ಮನಿರುತ್ತವೆ. ಹಾಗಾದರೆ ಆ ಏರಿಳಿತದೊಳಗೇ ಅಪಧಮನಿಯ ರಕ್ತದ ಸುದ್ದಿ ಇದೆ, ಅಲ್ವಾ? ಆಕ್ಸಿಜನ್ ಇಲ್ಲದ ರಕ್ತ ಕೆಂಪು ಬೆಳಕನ್ನು ಜಾಸ್ತಿ ನುಂಗುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಆಕ್ಸಿಜನ್ ಇರುವ ರಕ್ತವೇ ಸ್ವಲ್ಪ ಜಾಸ್ತಿ ನುಂಗುತ್ತದೆ. ಎರಡರ ಏರಿಳಿತದ ಅನುಪಾತ ಹಿಡಿದರೆ ಸ್ಯಾಚುರೇಶನ್, ಅಂದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅನ್ನುವ ಅಂಕಿ, ಸಿಗುತ್ತದೆ. ಚುಚ್ಚುವುದು ಬೇಡ, ಬಣ್ಣ ಬೇಡ. 1974ರಲ್ಲಿ ಅವನು ಇದನ್ನು ಜಪಾನಿನ ವಿಜ್ಞಾನ ಸಭೆಯಲ್ಲಿ ಹೇಳಿದ. ಅದೇ ವರ್ಷ ಕಂಪನಿ ಪೇಟೆಂಟ್ ಅರ್ಜಿಯನ್ನೂ ಹಾಕಿತು.

ತಮಾಷೆ ಏನು ಗೊತ್ತಾ? ಆ ಮೊದಲ ಮೆಷಿನ್ ಹೆಚ್ಚು ಓಡಲಿಲ್ಲ. ಎಲ್‌ಇಡಿ, ಮೈಕ್ರೊಪ್ರೊಸೆಸರ್ ಅಗ್ಗವಾದ ಮೇಲೆ, 80ರ ದಶಕದಲ್ಲಿ ಅಮೆರಿಕದ ಕಂಪನಿಗಳು ಅದನ್ನು ಆಪರೇಷನ್ ಥಿಯೇಟರುಗಳಿಗೆ ತಲುಪಿಸಿದವು. ಮೂಲ ಯಾರದ್ದು ಅಂತ ಹೊರಗಿನವರಿಗೆ ಸರಿಯಾಗಿ ತಿಳಿದದ್ದು ಆಮೇಲೆ, ಸೆವರಿಂಗ್‌ಹಾಸ್ ಅನ್ನುವ ಅಮೆರಿಕದ ವೈದ್ಯರು ಇದರ ಚರಿತ್ರೆ ಹುಡುಕಿ ಬರೆದಾಗ. ಆಓಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಕೊರೊನಾಗೆ ಹೆದರಿ ಜಗತ್ತೆಲ್ಲ ಅವನ ಕ್ಲಿಪ್ಪಿಗೆ ಬೆರಳು ಕೊಟ್ಟು ಕೂತಿದ್ದ ಹೊತ್ತದು.

ಇದನ್ನು ಹೇಳಿದ್ದಕ್ಕೆ ನಾಯ್ಸ್ ಎಲ್ಲ ಚಿನ್ನ ಅಂದುಕೊಳ್ಳಬೇಡ. ಸಡಿಲ ವೈರು ಸಡಿಲ ವೈರೇ. ನೀನು ಆ 17 ಜನರ ಫೈಲು ತೆಗೆದು, ಒಬ್ಬೊಬ್ಬರದ್ದೂ ಯಾಕೆ ಕೆಟ್ಟಿತು ಅಂತ ಬರೆದಿದ್ದೀಯಾ? ಅವರು ಯಾರು, ವಯಸ್ಸೆಷ್ಟು, ಕೈ ತಣ್ಣಗಿತ್ತಾ, ನಡುಗುತ್ತಿತ್ತಾ, ಮಂಚ ಕಿಟಕಿ ಪಕ್ಕ ಇತ್ತಾ, ಬೆರಳಿಗೆ ಮೆಹಂದಿ ಇತ್ತಾ, ರಕ್ತ ಎಷ್ಟಿತ್ತು? ಬರೆದಿಲ್ಲ ಅಂತ ನನಗೆ ಗೊತ್ತು. ಬರೆದಿದ್ದರೆ ಫೋನಿನಲ್ಲಿ ನಾಯ್ಸ್ ಅನ್ನುತ್ತಿರಲಿಲ್ಲ, ಹೆಸರು ಹಿಡಿದು ಹೇಳುತ್ತಿದ್ದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ. 1998ರಲ್ಲಿ ಅಂತ ಕಾಣುತ್ತದೆ. ರಾತ್ರಿ ಡ್ಯೂಟಿ. ಐಸಿಯುನಿಂದ ಫೋನ್ ಬಂತು, 6ನೇ ಬೆಡ್ಡಿನ ಮಾನಿಟರ್ ಸುಮ್ನೆ ಹೊಡೆದುಕೊಳ್ತಾ ಇದೆ ಬನ್ನಿ ಅಂತ. ಹೋದೆ. 81 ತೋರಿಸುತ್ತಿತ್ತು. ಪ್ರೋಬ್ ಹೋಗಿದೆ ಅಂದುಕೊಂಡು ಬದಲಾಯಿಸಿದೆ. 80. ವೈರು ಅಲ್ಲಾಡಿಸಿದೆ. ಇನ್ನೊಂದು ಮಾನಿಟರ್ ತರಲು ಸ್ಟೋರಿಗೆ ಓಡಿದೆ. ಬೀಗದ ಕೈ ಸಿಗುವಷ್ಟರಲ್ಲಿ ಹತ್ತು ನಿಮಿಷ. ವಾಪಸ್ ಬಂದರೆ ಸೀನಿಯರ್ ಸಿಸ್ಟರ್ ಆಗಲೇ ಡಾಕ್ಟರನ್ನು ಕರೆಸಿ ಆಕ್ಸಿಜನ್ ಏರಿಸಿದ್ದರು. ಅವರು ಮೆಷಿನ್ ನೋಡಿರಲಿಲ್ಲ, ರೋಗಿಯ ತುಟಿ ನೋಡಿದ್ದರು. ನೀಲಿಯಾಗಿತ್ತು. ಮನುಷ್ಯ ಉಳಿದುಕೊಂಡ. ಆದರೆ ಅಷ್ಟು ಹೊತ್ತು ನಾನು ಅವನ ಮಂಚಕ್ಕೆ ಆತು ನಿಂತು, ಒಂದು ಸಲವೂ ಅವನ ಮುಖ ನೋಡಿರಲಿಲ್ಲ ಪುಟ್ಟಿ. ನನ್ನ ತಲೆಯಲ್ಲಿ ಇದ್ದದ್ದು ವೈರು ಒಂದೇ.

ಇನ್ನೊಂದು ವಿಷಯ. ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತಿರಬೇಕು, ಆದರೂ ಹೇಳುತ್ತೇನೆ. ಕ್ಲಿಪ್ ಅನುಪಾತ ಹಿಡಿಯುತ್ತದೆ ನಿಜ, ಆ ಅನುಪಾತಕ್ಕೆ 90 ಅನ್ನಬೇಕೋ 85 ಅನ್ನಬೇಕೋ ಅಂತ ಬರೀ ಭೌತಶಾಸ್ತ್ರ ಹೇಳುವುದಿಲ್ಲ. ಆರೋಗ್ಯವಂತರನ್ನು ಮಲಗಿಸಿ, ಆಕ್ಸಿಜನ್ ಕಮ್ಮಿ ಇರುವ ಗಾಳಿ ಕೊಟ್ಟು, ಅವರ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷೆ ಮಾಡಿ, ಅದಕ್ಕೆ ಹೊಂದಿಸಿ ಪಟ್ಟಿ ಮಾಡುತ್ತಾರೆ. 70ಕ್ಕಿಂತ ಕೆಳಗೆ ಯಾರನ್ನೂ ಇಳಿಸುವ ಹಾಗಿಲ್ಲ. ಹಾಗಾಗಿ ಅದಕ್ಕಿಂತ ಕೆಳಗಿನ ಅಂಕಿ ಬರೀ ಅಂದಾಜು. ಇಲ್ಲಿಗೆ ಬಂದು ನಿಂತರೆ ಒಂದು ಪ್ರಶ್ನೆ ಏಳುತ್ತದೆ, ಆ ಮಲಗಿದವರು ಯಾರು?

ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಕನಿಷ್ಠ 10 ಜನರ ಮೇಲೆ ಪರೀಕ್ಷೆ ಮಾಡಿದರೆ ಸಾಕಿತ್ತು. ಅದರಲ್ಲಿ ಕಪ್ಪು ಚರ್ಮದವರು ಕನಿಷ್ಠ 2 ಜನ ಅಥವಾ ನೂರಕ್ಕೆ 15, ಯಾವುದು ಹೆಚ್ಚೋ ಅಷ್ಟು. ನಮ್ಮ ಮನೆಯ ಮದುವೆ ಫೋಟೋ ತೆಗೆದು ನೋಡು, ನಮ್ಮಲ್ಲಿ ಆ ಲೆಕ್ಕ ಹೇಗಿದೆ ಅಂತ. ಏರಿಳಿತ ಮಾತ್ರ ಹಿಡಿಯುವುದರಿಂದ ಚರ್ಮದ ಬಣ್ಣ ತಾನಾಗೇ ಕಳೆದುಹೋಗಬೇಕು ಅಂತ ಬಹಳ ಜನ ನಂಬಿದ್ದರು. ಪೂರ್ತಿ ಕಳೆಯಲಿಲ್ಲ. 2020ರ ಡಿಸೆಂಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಒಂದು ಲೆಕ್ಕ ಪ್ರಕಟಿಸಿದರು. ಕ್ಲಿಪ್ 92ರಿಂದ 96 ತೋರಿಸುವಾಗ ರಕ್ತ ತೆಗೆದು ನೋಡಿದರೆ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6 ಸಲ, ಕಪ್ಪು ಜನರಲ್ಲಿ 11.7 ಸಲ. ಕ್ಲಿಪ್ ಚೆನ್ನಾಗಿದೆ ಅಂತ ಹೇಳಿ ಮನೆಗೆ ಕಳಿಸಿರುತ್ತದೆ, ಒಳಗೆ ಉಸಿರು ಬತ್ತುತ್ತಿರುತ್ತದೆ. 2025ರ ಜನವರಿಯಲ್ಲಿ ಎಫ್‌ಡಿಎ ಹೊಸ ಕರಡು ತಂದು 150 ಜನರಾದರೂ ಇರಲಿ ಅಂದಿತು. 10ರಿಂದ 150! ಅಷ್ಟು ವರ್ಷ ಆ ವ್ಯತ್ಯಾಸ ಎಲ್ಲಿ ಕೂತಿತ್ತು ಅಂತೀಯ? ನಿನ್ನ 17 ಜನರ ಹಾಗೆ ಯಾರದ್ದೋ ಫೈಲಿನ ಮೂಲೆಯಲ್ಲಿ ಕೂತಿದ್ದರೂ ಕೂತಿರಬಹುದು.

ನಮ್ಮ ಆಸ್ಪತ್ರೆಯಲ್ಲಿ ಇದನ್ನು ನಾನು ನೋಡಿದ್ದು ಅಡಿಕೆ ಸುಲಿಯುವ ಹೆಂಗಸರ ಕೈಯಲ್ಲಿ. ಸುಗ್ಗಿಯಲ್ಲಿ ಚನ್ನಗಿರಿ ಕಡೆಯಿಂದ ಬರುತ್ತಿದ್ದರು. ಬೆರಳ ತುದಿ ಚೊಗರು ಹತ್ತಿ ಕಪ್ಪು, ಚರ್ಮ ದಪ್ಪ, ಉಗುರಿನ ಸಂದಿಯಲ್ಲೂ ಕಲೆ. ಕ್ಲಿಪ್ ಹಾಕಿದರೆ ಅಂಕಿ ಬರುವುದು, ಮಾಯವಾಗುವುದು. "ನನ್ ಕೈ ಸರಿ ಇಲ್ಲೇನ್ರೀ" ಅಂತ ಒಬ್ಬಾಕೆ ಕೇಳಿದ್ದಳು. ನಾಚಿಕೊಂಡು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕಿವಿಗೆ ಹಾಕಿ ನೋಡಿ ಅಂತ ಸಿಸ್ಟರಿಗೆ ಹೇಳಿದೆ, ಅಂಕಿ ನಿಂತಿತು. ಆಕೆಯ ಕೈ ಸರಿಯಾಗೇ ಇತ್ತು. ಅಂಥ ಕೈಯನ್ನು ಲೆಕ್ಕಕ್ಕೆ ಹಿಡಿಯದೆ ಮೆಷಿನ್ ಮಾಡಿದ್ದರು, ಅಷ್ಟೇ.

ಈಗ ನೀನು ಮಾಡಬೇಕಾದದ್ದು. ಗೈಡ್ ಹತ್ತಿರ ಜಗಳಕ್ಕೆ ಹೋಗಬೇಡ. ಅವರಿಗೂ ಮೇಲಿನವರ ಒತ್ತಡ ಇರುತ್ತದೆ. "ಸರ್, ಈ 17ನ್ನು ಬಿಡುವ ಮುಂಚೆ ಒಂದು ತಿಂಗಳು ಕೊಡಿ" ಅಂತ ಕೇಳು. ಕೊಡದಿದ್ದರೆ ಎರಡು ವಾರ ಕೇಳು. ವಾರ್ಡಿಗೆ ಲ್ಯಾಪ್‌ಟಾಪ್ ಇಲ್ಲದೆ ಹೋಗು, ಒಂದು ನೋಟ್‌ಬುಕ್ ಸಾಕು. ಸಿಸ್ಟರುಗಳ ಜೊತೆ ಟೀ ಕುಡಿ. ಯಾವ ಮೆಷಿನ್ನಿಗೆ ಏನು ರೋಗ ಅಂತ ಅವರಿಗೆ ಗೊತ್ತಿರುವಷ್ಟು ಮಾಡಿದ ಕಂಪನಿಗೂ ಗೊತ್ತಿರುವುದಿಲ್ಲ, ಆದರೆ ಕೇಳುವವರು ಯಾರೂ ಇಲ್ಲ. ಕೊನೆಗೂ ಕೆಲವನ್ನು ಬಿಡಲೇಬೇಕಾದರೆ ಬಿಡು, ಆದರೆ ಪೇಪರಿನಲ್ಲಿ ಎಷ್ಟು ಬಿಟ್ಟೆ, ಯಾಕೆ ಬಿಟ್ಟೆ ಅಂತ ಬರೆ. ಅದರಿಂದ ಪೇಪರ್ ಸ್ವಲ್ಪ ಪೇಲವ ಆಗುತ್ತದೆ ಅನ್ನಿಸಬಹುದು. ಆಗಲಿ ಬಿಡು.

ಈ ಕೆಲಸ ಬಿಟ್ಟು ಸಾಫ್ಟ್‌ವೇರಿಗೆ ಹೋಗ್ತೀನಿ ಅಂತಲೂ ಒಂದು ಮಾತು ಅಂದೆ. ಹೋಗಬೇಕಾದರೆ ಹೋಗು, ನಾನು ಅಡ್ಡ ಬರುವುದಿಲ್ಲ. ಆದರೆ ಆ 17 ಜನರನ್ನು ಅರ್ಥ ಮಾಡಿಕೊಂಡು ಹೋಗು.

ದೀಪಾವಳಿಗೆ ಬರುವಾಗ ಉಂಗುರ ತಗೊಂಡು ಬಾ. ಚನ್ನಗಿರಿಯಲ್ಲಿ ನನ್ನ ಹಳೇ ಗೆಳೆಯನ ತೋಟ ಇದೆ, ಆಗ ಅಲ್ಲಿ ಅಡಿಕೆ ಸುಲಿಯುತ್ತಿರುತ್ತಾರೆ. ಕೇಳಿಕೊಂಡು, ಒಪ್ಪಿದವರ ಬೆರಳಿಗೆ ಹಾಕಿ ನೋಡೋಣ. ದೊಡ್ಡಮ್ಮನಿಗೆ ಈ ವಿಷಯ ಹೇಳಿದೆ. ಮೊದಲು ತನ್ನ ಬೆರಳಿಗೇ ಹಾಕಬೇಕಂತೆ. ಸೂಜಿ ಏನೂ ಇರಲ್ಲ ತಾನೆ ಅಂತ ಮೂರು ಸಲ ಕೇಳಿದಳು.

ಇಂತಿ,
ನಿನ್ನ ದೊಡ್ಡಪ್ಪ