ಭಾನುವಾರದ ಓದು: ಸ್ಪ್ಯಾನ್ಷನ್ ವರದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಷೇರು ಓದಿನ ಗುಂಪು ಆನ್‌ಲೈನ್‌ನಲ್ಲಿ ಸೇರುತ್ತದೆ. ಈ ಸಲ ಸ್ಪ್ಯಾನ್ಷನ್ ಕಂಪನಿಯ 2008ರ ವಾರ್ಷಿಕ ವರದಿ. ಅಮೆರಿಕದ ಎಎಂಡಿ, ಜಪಾನಿನ ಫುಜಿತ್ಸು ಕಂಪನಿಗಳು ಸೇರಿ ಕಟ್ಟಿದ್ದ ಫ್ಲ್ಯಾಶ್ ಮೆಮೊರಿ (ಕರೆಂಟ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಚಿಪ್) ಕಂಪನಿ ಇದು. ಪೂರ್ತಿ ಓದಬೇಕಿಲ್ಲ, ಸುಮ್ನೆ ತಲೆನೋವು. ಕಾರ್ಖಾನೆಗಳು, ಹಣಕಾಸಿನ ಅಪಾಯ, ಕೋರ್ಟ್ ಕೇಸು, ಇಷ್ಟು ಭಾಗ ನೋಡಿದರೆ ಸಾಕು.

ಅಮೆರಿಕದ ಆಸ್ಟಿನ್‌ನಲ್ಲಿ, ಜಪಾನಿನ ಐಜು-ವಕಮಾತ್ಸುವಿನಲ್ಲಿ ಚಿಪ್ ಕಾರ್ಖಾನೆ ಇಟ್ಟುಕೊಂಡಿದ್ದವರು ಸಾಲ ಜಾಸ್ತಿಯಾಗಿ 2009ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ (ಸಾಲ ಕೊಟ್ಟವರ ವಸೂಲಿಯಿಂದ ತಾತ್ಕಾಲಿಕ ರಕ್ಷಣೆ) ಕೇಳಿ ಕೋರ್ಟಿಗೆ ಹೋದರು. ಅದಕ್ಕೆ ಕೆಲವೇ ತಿಂಗಳು ಮೊದಲು, 2008ರ ನವೆಂಬರ್‌ನಲ್ಲಿ, ಸ್ಯಾಮ್ಸಂಗ್ ಮೇಲೆ ಪೇಟೆಂಟ್ ಕೇಸು ಹಾಕಿದ್ದರು! ನನಗಂತೂ ಇದೇ ಮಜಾ ಅನಿಸಿತು. ಕೈಯಲ್ಲಿ ಕಾಸಿಲ್ಲದಾಗ ಪೇಟೆಂಟೇ ಆಸ್ತಿ ಅಲ್ವಾ?

ಯಾವ ಭಾಗ ಯಾರು ನೋಡುತ್ತೀರಿ ಅಂತ ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. ಬರಲು ಆಗದವರೂ ದಯವಿಟ್ಟು ತಿಳಿಸಿ.