ನಾಲೆ ಇಲ್ಲದ ಊರಿನಿಂದ ಒಂದು ನಮಸ್ಕಾರ

ಅಂತೂ ಪುಸ್ತಕ ಅಚ್ಚಾಗಿ ಕೈಗೆ ಬಂತು. "ಏನಾಯ್ತು ನಿನ್ನ ಮಹಾರಾಜರ ಕಥೆ?" ಅಂತ ನಾಲ್ಕು ವರ್ಷ ಬಿಡದೆ ಕೇಳಿದವರಿಗೆಲ್ಲ ನಮಸ್ಕಾರ. ನಿಮಗೆ ಕಥೆ ಬಾಯಿಪಾಠ ಆಗುವಷ್ಟು ಕೊರೆದಿದ್ದೇನೆ. ಹೊಸಬರಿಗೆ ಮಾತ್ರ ನಾಲ್ಕು ಮಾತು: 1865ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಆಡಳಿತ 1831ರಿಂದಲೇ ಬ್ರಿಟಿಷರ ಕೈಯಲ್ಲಿತ್ತು. ದತ್ತುಮಗನಿಗೆ ಪಟ್ಟ ಒಪ್ಪಲು ವೈಸರಾಯ್ ಲಾರೆನ್ಸ್‌ಗೆ ಮನಸ್ಸಿರಲಿಲ್ಲ. ಲಂಡನ್ನಿನಿಂದ ಒಪ್ಪಿಗೆ ಬಂದದ್ದು 1867ರ ಏಪ್ರಿಲ್‌ನಲ್ಲಿ, ಮುಮ್ಮಡಿಯವರು ತೀರಿಕೊಂಡದ್ದು 1868ರ ಮಾರ್ಚ್‌ನಲ್ಲಿ. ನಡುವೆ ಒಂದು ವರ್ಷವೂ ಇಲ್ಲ. ನನ್ನ ಕಾದಂಬರಿಯಲ್ಲಿ ಆ ಒಪ್ಪಿಗೆ ಬರುವುದಿಲ್ಲ. ಹಾಗಾಗಿ ಆ ಮಗು ಚಾಮರಾಜೇಂದ್ರ ಒಡೆಯರಾಗುವುದಿಲ್ಲ, 1881ರಲ್ಲಿ ರಾಜ್ಯ ಮರಳುವುದಿಲ್ಲ, ಮೈಸೂರು ಮದ್ರಾಸಿನ ಒಂದು ಮೂಲೆಯಾಗುತ್ತದೆ.

ಹಳೇ ಕಡತಗಳನ್ನು ಬೇಸರಿಸದೆ ಹುಡುಕಿಕೊಟ್ಟ ಪತ್ರಾಗಾರದ ಸಿಬ್ಬಂದಿಗೆ, ಮೂರು ಸಲ ಕರಡು ತಿದ್ದಿದ ಗೆಳತಿಗೆ, ಮುಖಪುಟ ಬರೆದ ಹುಡುಗನಿಗೆ, ರಜೆ ಕೊಟ್ಟ ನಮ್ಮ ಹೆಡ್ಮಾಸ್ಟರಿಗೆ, ನಾನು ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟ ಆರು ಜನಕ್ಕೆ ಋಣಿ. "ಪಟ್ಟ ಇಲ್ಲದಿದ್ದರೂ ಖಾಸಗಿ ಆಸ್ತಿಗೆ ದತ್ತು ಊರ್ಜಿತವೇ, ಮಗು ಅರಮನೆಯಲ್ಲೇ ಉಳಿಯುತ್ತಿತ್ತು" ಎಂದು ಜಗಳ ತೆಗೆದ ನಿವೃತ್ತ ಮೇಷ್ಟ್ರೇ, ನೀವು ಹೇಳಿದ್ದು ಸರಿ. ಆದರೂ ನಾನು ಬದಲಾಯಿಸಲಿಲ್ಲ, ಕಾರಣ ಕೆಳಗಿದೆ. (ಅಲಮೇಲಮ್ಮನ ಶಾಪ ಯಾಕಿಲ್ಲ ಎಂದವರಿಗೆ: ಆ ಶಾಪಕ್ಕೂ ಸ್ವಲ್ಪ ವಿಶ್ರಾಂತಿ ಬೇಡವೇ?)

ಇನ್ನು ಅತ್ತಿಗೆ.

ಆಷಾಢದ ಒಂದು ರಾತ್ರಿ ನಾನು ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ; ಅದಕ್ಕಿಂತ ಹೆಚ್ಚು ಕೆದಕುವುದಿಲ್ಲ. ಅಣ್ಣ ದುಡ್ಡು ಹೊಂದಿಸಲು ಓಡಿದ್ದ. ಅತ್ತಿಗೆ ಹಸು ಕರೆದು, ಪಕ್ಕದ ಮನೆಯವರಿಗೆ ಮಕ್ಕಳನ್ನು ಒಪ್ಪಿಸಿ, ಕೊನೇ ಬಸ್ಸಿಗೆ ಬಂದವರು ಬೆಳಗಾಗುವವರೆಗೂ ಪ್ಲಾಸ್ಟಿಕ್ ಸ್ಟೂಲಿನಿಂದ ಏಳಲಿಲ್ಲ. ನಾನು ನೋವಿನಲ್ಲಿ ಏನೇನೋ ಬಡಬಡಿಸಿದೆ. ನೋಟುಪುಸ್ತಕಗಳನ್ನೆಲ್ಲ ಒಲೆಗೆ ಹಾಕಿಬಿಡಿ ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಅದ್ರಾಗೆ ಏನೈತೆ, ಮೊದ್ಲು ಯೋಳು" ಅಂದರು.

ಹೇಳಿದೆ. ನಿಲ್ಲಿಸಿದಾಗಲೆಲ್ಲ "ಆಮೇಲೆ?" ಅನ್ನುತ್ತಿದ್ದರು. ಮೈಸೂರು ಮದ್ರಾಸಿಗೆ ಹೋಯಿತು ಅಂದೆ. ತಂಜಾವೂರಿನ ಗದ್ದೆಗೆ ಹರಿಯುವ ಕಾವೇರಿಯನ್ನು ನಮಗೋಸ್ಕರ ಕನ್ನಂಬಾಡಿಯಲ್ಲಿ ತಡೆಯಲು ಮದ್ರಾಸಿನವರೇಕೆ ದುಡ್ಡು ಸುರಿಯುತ್ತಾರೆ, 1924ರ ಕಾವೇರಿ ಒಪ್ಪಂದ ಮಾಡಿಕೊಳ್ಳಲು ಎರಡು ಸರ್ಕಾರಗಳೇ ಇರುತ್ತಿರಲಿಲ್ಲವಲ್ಲ ಅಂದೆ.

"ಹಂಗಾರೆ ನಮ್ ನಾಲೆ?"

"ಇಲ್ಲ."

"ನಾಲೆ ಇಲ್ದಿದ್ರೆ ಗದ್ದೆ ಇಲ್ಲ. ಗದ್ದೆ ಇಲ್ಲದ ಮನೆಗೆ ನಮ್ಮಪ್ಪ ನನ್ನ ಕೊಡ್ತಿದ್ನಾ?"

ನಗು ಬಂತು, ಹೊಲಿಗೆ ಎಳೆಯಿತು. ಅತ್ತಿಗೆ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಆ ಮಗೀನ ಹೆತ್ತವ್ವ ಏನಂದ್ಳು?"

ಎರಡು ವರ್ಷದಿಂದ ಲಾರೆನ್ಸ್ ಏನಂದ, ಲಂಡನ್ನಿನವರು ಏನಂದರು ಅಂತಲೇ ಗುಡ್ಡೆ ಹಾಕಿಕೊಂಡಿದ್ದೆ. ಹೆತ್ತವಳನ್ನು ಒಂದು ಸಲವೂ ಕೇಳಿರಲಿಲ್ಲ. ಹಾಸಿಗೆಯ ಮೇಲೆ ಅತ್ತುಬಿಟ್ಟೆ. ಆ ತಾಯಿಗಾಗಿ ಅತ್ತೆನೋ, ನಮ್ಮವ್ವ ಇದ್ದಿದ್ದರೆ ಅಂತ ಅತ್ತೆನೋ, ಸಾಯುತ್ತೇನೆಂಬ ಭಯಕ್ಕೆ ಅತ್ತೆನೋ. ಅತ್ತಿಗೆ ಸೆರಗಿನಲ್ಲಿ ನನ್ನ ಮೂಗು ಒರೆಸಿದರು, ಮೂರು ವರ್ಷದ ಮಗುವಿಗೆ ಒರೆಸಿದ ಹಾಗೆ. ಬೇರೆ ಸಮಾಧಾನದ ಮಾತೇನೂ ಆಡಲಿಲ್ಲ. ಬೆಳಿಗ್ಗೆ ಐದಕ್ಕೆ ಫ್ಲಾಸ್ಕಿನಲ್ಲಿ ಕಾಫಿ ತಂದು ತಾವು ಕುಡಿದರು. ನನಗೆ ಕೊಡುವ ಹಾಗಿರಲಿಲ್ಲ, ಬರೀ ವಾಸನೆ ತೋರಿಸಿದರು.

ಕಾದಂಬರಿ ಈಗ ಶುರುವಾಗುವುದು ಬೆಟ್ಟದಕೋಟೆಯವರ ಮನೆಯಲ್ಲಿ, ಖಾಲಿ ತೊಟ್ಟಿಲ ಮುಂದೆ. ಲಂಡನ್ನಿನ ಒಪ್ಪಿಗೆ ಬಾರದಿದ್ದಾಗ ಆ ಮಗುವನ್ನು ನಾನು ಮನೆಗೆ ಕಳಿಸಿಬಿಟ್ಟೆ, ಮೇಷ್ಟ್ರ ಕಾನೂನು ಏನೇ ಹೇಳಲಿ. ಹೀಗೆ ಬರೆದೆ ಎಂದು ಫೋನಿನಲ್ಲಿ ಹೇಳಿದಾಗ ಅತ್ತಿಗೆ, "ಒಳ್ಳೇದಾಯ್ತು ಬುಡು. ನಾಲೆ ಹೆಂಗಾರ ಬತ್ತದೆ" ಅಂದರು. ನಾಲೆ ಬಯಲಿನಲ್ಲಿ ಹುಟ್ಟಿ ಬೆಳೆದ ಹೆಂಗಸಿನ ಬಾಯಲ್ಲಿ ಇದು ಸಣ್ಣ ಮಾತಲ್ಲ.

ಮೊದಲ ಪ್ರತಿ ಅವರಿಗೇ ಕೊಟ್ಟೆ. ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಎರಡು ದಿನ ಬಿಟ್ಟು ತೆಗೆದುಕೊಂಡರಂತೆ. ಡೇರಿಗೆ ಹಾಲು ಹಾಕಿ ಬಂದಮೇಲೆ ದಿನಕ್ಕೆ ಎರಡು ಪುಟ, ಬೆರಳಿಟ್ಟು ಓದುತ್ತಾರೆ ಅಂತ ಅಣ್ಣ ಹೇಳಿದ. ಸದ್ಯಕ್ಕೆ 1866ರಲ್ಲಿದ್ದಾರೆ. ಮನೆ ಕಡೆ ಹೋದವರು ದಯವಿಟ್ಟು ಮುಂದಿನ ಕಥೆ ಹೇಳಬೇಡಿ. ನಾನು ಫೋನಿನಲ್ಲಿ ಹೇಳಿದ್ದನ್ನು ಅವರು ಮರೆತಿದ್ದಾರೆ, ಅಥವಾ ಮರೆತ ಹಾಗೆ ನಟಿಸುತ್ತಿದ್ದಾರೆ.