ಸುಳ್ಳು ಹೇಳಿದ್ರೆ ಕೆಲಸ ಉಳೀತಿತ್ತು: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು 11 ವರ್ಷ ಒಂದು ಗೋಡೌನ್‌ನಲ್ಲಿ ಸ್ಟಾಕ್ ಲೆಕ್ಕ ನೋಡ್ಕೊಂಡು ಇದ್ದವನು. ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಬರೋಕಾಗಲ್ಲ ಅಂದಿದ್ದಕ್ಕೆ ಕೆಲಸ ಹೋಯ್ತು. ಕಂಪನಿ ಹೆಸರು ಹೇಳಲ್ಲ, ಅವರ ಮೇಲೆ ದೂರು ಕೊಡೋಕೆ ಬರೀತಿಲ್ಲ. ನಿಮ್ಮ ಕೈಲಿ ಆಗೋ ಒಂದು ಕೆಲಸ ಇದೆ, ಅದನ್ನ ಕೇಳೋಕೆ ಬರೀತಿದೀನಿ.

ಮುಂಚೆ ಭಾನುವಾರ ಗೋಡೌನ್ ಬಾಗಿಲೇ ತೆಗೀತಿರ್ಲಿಲ್ಲ. ಆಮೇಲೆ ಆನ್‌ಲೈನ್ ಆರ್ಡರ್ ಜಾಸ್ತಿ ಆಗಿ ವಾರಪೂರ್ತಿ ಕೆಲಸ ಶುರುವಾಯ್ತು, ಗೋಡೆ ಮೇಲೆ ಶಿಫ್ಟ್ ಚಾರ್ಟ್ ಬಂತು, ಭಾನುವಾರದ ಕಾಲಂನಲ್ಲಿ ನನ್ನ ಹೆಸರೂ ಬಂತು. ಮ್ಯಾನೇಜರ್ ಹತ್ರ ಹೋಗಿ ಕೇಳ್ಕೊಂಡೆ, ಸಾರ್ ಶನಿವಾರ ನೈಟ್ ಕೊಡಿ, ಬೇರೆಯವರೆಲ್ಲ ರಜೆ ಹಾಕೋ ದಿನ ನನ್ನನ್ನ ಹಾಕಿ, ಭಾನುವಾರಾನೇ ಆಗ್ಬೇಕು ಅಂದ್ರೆ ಮಧ್ಯಾಹ್ನದ ಮೇಲೆ ಬಂದು ರಾತ್ರಿವರೆಗೂ ಇರ್ತೀನಿ, ಬೆಳಿಗ್ಗೆ ಚರ್ಚ್ ಆರಾಧನೆ ಹೊತ್ತು ಒಂದು ಬಿಟ್ಕೊಡಿ ಅಂತ. ಅವರು ಚಾರ್ಟ್‌ನಿಂದ ಕಣ್ಣು ತೆಗೀದೇ "ನಿಮ್ಮ ದೇವರು ಸೋಮವಾರ ಇರಲ್ವೇನ್ರೀ?" ಅಂದ್ರು.

ಅವತ್ತು ನನಗೆ ಉತ್ತರ ಹೊಳೀಲಿಲ್ಲ, ಇವತ್ತು ಹೇಳ್ತೀನಿ. ದೇವರು ಸೋಮವಾರಾನೂ ಇರ್ತಾನೆ, ಆದ್ರೆ ಸಭೆ ಇರಲ್ಲ. ಒಟ್ಟಿಗೆ ಕೂತು ದೇವರ ವಾಕ್ಯ ಕೇಳೋದು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋ ಕರ್ತನ ಭೋಜನ ತಗೊಳ್ಳೋದು, ಹಾಸಿಗೆ ಹಿಡಿದವರ ಹೆಸರು ಹೇಳಿ ಎಲ್ರೂ ಸೇರಿ ಪ್ರಾರ್ಥನೆ ಮಾಡೋದು, ಇದನ್ನ ಸೋಮವಾರ ನಾನೊಬ್ಬನೇ ಮನೇಲಿ ಹೇಗೆ ಮಾಡ್ಲಿ? 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಕೂಡ ಧರ್ಮ ಆಚರಿಸೋ ಸ್ವಾತಂತ್ರ್ಯದ ಬಗ್ಗೆ ಹೇಳುವಾಗ ಒಬ್ಬಂಟಿಯಾಗಿ ಅಥವಾ ಇತರರ ಜೊತೆ ಸೇರಿ ಅಂತ ಎರಡನ್ನೂ ಹೇಳುತ್ತೆ. ಆ ಎರಡನೇದನ್ನ ಯಾಕೋ ಎಲ್ರೂ ಮರೀತಾರೆ.

ಈಗ ನಿಜವಾಗ್ಲೂ ಹೇಳ್ಬೇಕಾಗಿರೋ ವಿಷಯಕ್ಕೆ ಬರ್ತೀನಿ. ಜೊತೆಗೆ ಕೆಲಸ ಮಾಡ್ತಿದ್ದ ಒಬ್ಬ ಸ್ನೇಹಿತ, ತುಂಬಾ ಒಳ್ಳೆಯವನು, ಊಟದ ಹೊತ್ತಲ್ಲಿ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಹೇಳ್ದ, ಯಾಕಣ್ಣ ಇಷ್ಟು ಒದ್ದಾಡ್ತೀಯ, ಸೊಂಟ ನೋವು ಅಂತ ಡಾಕ್ಟರ್ ಸರ್ಟಿಫಿಕೇಟ್ ತಗೊಂಡ್ಬಾ, ಭಾನುವಾರಕ್ಕೊಂದು ಚೀಟಿ ಕೊಟ್ಬಿಡು, ಯಾರೂ ಕೇಳಲ್ಲ ಅಂತ. ಅವನು ಹೇಳಿದ್ದು ಸುಳ್ಳಲ್ಲ ಸಾರ್, ಹಾಗೆ ಚೀಟಿ ಕೊಟ್ಟು ಮದುವೆಗೆ ಮ್ಯಾಚಿಗೆ ಹೋದವರು ಇನ್ನೂ ಅಲ್ಲೇ ಕೆಲಸದಲ್ಲಿದಾರೆ. ಆದ್ರೆ ಸುಳ್ಳು ಚೀಟಿ ಜೇಬಲ್ಲಿ ಇಟ್ಕೊಂಡು ದೇವರ ಸನ್ನಿಧಿಗೆ ನಾನು ಹೇಗೆ ಹೋಗ್ಲಿ? ಯಾವ ದೇವರು ಸುಳ್ಳು ಸಾಕ್ಷಿ ಹೇಳಬೇಡ ಅಂದನೋ ಆ ದೇವರನ್ನ ಆರಾಧಿಸೋಕೆ ಸುಳ್ಳು ಹೇಳ್ಕೊಂಡು ಹೋಗೋದಾ? ಮೂರು ಭಾನುವಾರ ನಿಜಾನೇ ಹೇಳಿ ರಜೆ ಅರ್ಜಿ ಬರೆದೆ, ಕಾರಣ ಅನ್ನೋ ಜಾಗದಲ್ಲಿ 'ಆರಾಧನೆ' ಅಂತ ಒಂದೇ ಪದ. ಮೂರೂ ತಿರಸ್ಕಾರ ಆಯ್ತು, ಮೂರು ದಿನಾನೂ ಗೈರುಹಾಜರಿ ಅಂತ ಬಿತ್ತು, ನಾಲ್ಕನೇ ವಾರ ಕೈಗೆ ಲೆಟರ್ ಕೊಟ್ರು.

ಆಮೇಲಿನದು ಬೇಗ ಹೇಳ್ತೀನಿ. ಏಳು ತಿಂಗಳು ಕೆಲಸ ಇಲ್ಲ. ಸ್ವಂತ ಅಣ್ಣ ಫೋನ್ ಎತ್ತೋದು ಬಿಟ್ಟ, ಹೆಂಡ್ತಿ ಮಕ್ಕಳ ಹೊಟ್ಟೆ ಮೇಲೆ ಹೊಡೆದು ಭಕ್ತಿ ಮಾಡ್ತಾನೆ ಅಂತ ನೆಂಟರ ಹತ್ರ ಹೇಳ್ದ, ಅದು ಕೆಲಸ ಹೋಗಿದ್ದಕ್ಕಿಂತ ಜಾಸ್ತಿ ನೋಯಿಸ್ತು. ಮಗ ಒಂದಿನ ಕೇಳ್ದ, ಅಪ್ಪಾ ಹುಷಾರಿಲ್ಲ ಅಂದಿದ್ರೆ ಆಗ್ತಿತ್ತಲ್ವಾ ಅಂತ. ಹೌದು ಮಗನೇ, ಆಗ್ತಿತ್ತು ಅಂದೆ. ಬೇರೆ ಏನು ಹೇಳೋಕೂ ಬಾಯಿ ಬರ್ಲಿಲ್ಲ.

ನಾನು ಅಳ್ತಾ ಕೂತಿಲ್ಲ ಸಾರ್. ಯೇಸುಸ್ವಾಮಿ ಬೈಬಲಿನ ಲೂಕ 14ರಲ್ಲಿ ಹೇಳಿದಾರಲ್ಲ, ಗೋಪುರ ಕಟ್ಟೋಕೆ ಮುಂಚೆ ಕೂತು ಖರ್ಚು ಲೆಕ್ಕ ಹಾಕಬೇಕು ಅಂತ, ಆ ಲೆಕ್ಕ ನಾನೂ ಹಾಕಿದೀನಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ 100 ಮೀಟರ್ ಹೀಟ್ಸ್, ಅಂದ್ರೆ ಮೊದಲ ಸುತ್ತಿನ ಓಟ, ಭಾನುವಾರ ಇದೆ ಅಂತ ಓಡ್ಲಿಲ್ಲ, ಆಮೇಲೆ 400 ಮೀಟರ್‌ನಲ್ಲಿ 47.6 ಸೆಕೆಂಡ್‌ಗೆ ಚಿನ್ನ ಗೆದ್ದರು. ಎಲ್ರೂ ಆ ಚಿನ್ನದ ಕಥೆಯನ್ನೇ ಹೇಳ್ತಾರೆ, ನನಗೆ ಮಾತ್ರ ಅವರು 100 ಮೀಟರ್ ಬೇಡ ಅಂದ ಗಳಿಗೆ ದೊಡ್ಡದು ಅನ್ಸುತ್ತೆ, ಯಾಕಂದ್ರೆ ಮುಂದೆ ಚಿನ್ನ ಸಿಗುತ್ತೆ ಅಂತ ಆಗ ಅವರಿಗೇನೂ ಗೊತ್ತಿರ್ಲಿಲ್ಲ.

ನಾನು ಕೇಳೋದು ಇಷ್ಟೇ. ಅಮೆರಿಕದಲ್ಲಿ ಗೆರಾಲ್ಡ್ ಗ್ರಾಫ್ ಅನ್ನೋ ಅಂಚೆ ನೌಕರರಿಗೆ ನನ್ನ ಹಾಗೇ ಆಯ್ತು, ಭಾನುವಾರದ ಡ್ಯೂಟಿ ವಿಷಯಕ್ಕೆ ಅವರು 2019ರಲ್ಲಿ ಕೆಲಸ ಬಿಟ್ಟರು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2023ರ ಜೂನ್ 29ಕ್ಕೆ ಎಲ್ಲಾ ಜಡ್ಜ್‌ಗಳೂ ಒಮ್ಮತದಿಂದ ತೀರ್ಪು ಕೊಟ್ಟರು, ಅಲ್ಪಸ್ವಲ್ಪ ತೊಂದರೆ ಆಗುತ್ತೆ ಅಂತ ಮಾಲೀಕರು ಹೇಳಿದ್ರೆ ಸಾಲದು, ವ್ಯವಹಾರಕ್ಕೆ ಗಣನೀಯವಾದ ಹೊರೆ ಬೀಳುತ್ತೆ ಅಂತ ತೋರಿಸ್ಬೇಕು ಅಂತ. ಅಂಥದೊಂದು ನಿಯಮ ನೀವೂ ತನ್ನಿ. ನೌಕರ ಆರಾಧನೆಗೆ ಬಿಡುವು ಕೇಳಿ ಬದಲಿ ಶಿಫ್ಟ್ ಮಾಡ್ತೀನಿ ಅಂದಾಗ, ಮಾಲೀಕರು ಆಗಲ್ಲ ಅನ್ನೋದಾದ್ರೆ ಯಾಕೆ ಆಗಲ್ಲ ಅಂತ ಕಾಗದದ ಮೇಲೆ ಬರೆದು ಕೊಡ್ಲಿ, ಅದನ್ನ ನೋಡೋಕೆ ಒಬ್ಬ ಅಧಿಕಾರಿ ಇರ್ಲಿ.

ಆಸ್ಪತ್ರೆ, ಅಗ್ನಿಶಾಮಕ ಇಂಥ ಕಡೆ ಆಗಲ್ಲ ಅಂದ್ರೆ ನಾನೂ ಒಪ್ತೀನಿ, ಸಬ್ಬತ್ ದಿನ, ಅಂದ್ರೆ ಕೆಲಸ ಬಿಟ್ಟು ದೇವರಿಗೆ ಮೀಸಲಿಡೋ ದಿನ, ಎತ್ತು ಬಾವಿಗೆ ಬಿದ್ರೆ ಮೇಲಕ್ಕೆ ಎತ್ತಲ್ವಾ ಅಂತ ಕೇಳಿದ್ದೂ ಅದೇ ಯೇಸುಸ್ವಾಮಿ, ಅದೂ ಅದೇ ಲೂಕ 14ರಲ್ಲೇ. ಮತ್ತೆ ಈ ನಿಯಮ ನಮಗೆ ಮಾತ್ರ ಅಂತ ಮಾಡ್ಬೇಡಿ. ಶುಕ್ರವಾರದ ನಮಾಜಿಗೆ ಹೋಗೋ ಮುಸ್ಲಿಂ ಅಣ್ಣನಿಗೂ, ಶನಿವಾರ ಸಬ್ಬತ್ ಮಾಡೋ ಯೆಹೂದ್ಯರಿಗೂ ಕ್ರೈಸ್ತರಲ್ಲೇ ಇರೋ ಅಡ್ವೆಂಟಿಸ್ಟ್‌ರಿಗೂ ಅದೇ ಇರ್ಲಿ.

ನನಗೆ ಈಗ ಬೇರೆ ಕಡೆ ಕೆಲಸ ಸಿಕ್ಕಿದೆ, ಸಂಬಳ ಕಮ್ಮಿ, ಭಾನುವಾರ ರಜೆ. ಹಳೇ ಗೋಡೌನ್‌ನಲ್ಲಿ ನನ್ನ ಜಾಗಕ್ಕೆ ಬಂದಿರೋ ಹುಡುಗಾನೂ ವಿಶ್ವಾಸಿಯಂತೆ. ಹೋದ ವಾರ ಫೋನ್ ಮಾಡಿ ಕೇಳ್ದ, ಅಣ್ಣ, ಅರ್ಜೀಲಿ ಕಾರಣ ಏನಂತ ಬರೀಲಿ ಅಂತ. ನಿಜಾನೇ ಬರಿ ಅಂದಿದೀನಿ. ಅವನ ಅರ್ಜಿ ತಿರಸ್ಕಾರ ಆಗೋಕೆ ಮುಂಚೆ ನೀವು ಇದನ್ನ ಓದ್ಬೇಕು ಅಂತ ಬರೆದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ